ರಾಮಾಮಾತ್ಯನ ವೀಣೆಯ ನಾಲ್ಕು ತಂತಿಗಳು

ಹೊಸಪೇಟೆಯಿಂದ ಹಂಪೆಗೆ ಬರುವ ಪ್ರವಾಸಿಗರು ವಿಜಯವಿಠ್ಠಲ ದೇವಾಲಯದ ನಾದಕಂಬಗಳನ್ನು ಕುರಿತು ವಿಚಾರಿಸದೆ ಹಿಂದಿರುಗುವುದು ಅಪರೂಪ. ಅವುಗಳನ್ನು ತಟ್ಟುವುದು ಈಗ ನಿಷಿದ್ಧವಾಗಿದೆ. ಅದು ಯುಕ್ತವೇ ಸರಿ. ಆದರೆ ವಿಜಯನಗರದ ಸಂಗೀತಚರಿತ್ರೆಯನ್ನು ಕಲ್ಲಿನಲ್ಲಿ ಅರಸುವವರಿಗಿಂತ ತಂತಿಯಲ್ಲಿ ಅರಸುವವರಿಗೆ ಹೆಚ್ಚಿನ ಫಲ ದೊರೆಯುವುದೆಂದು ನಾವು ಭಾವಿಸುತ್ತೇವೆ. ಕಲ್ಲಿನ ಶ್ರುತಿಯನ್ನು ಏರಿಸಲಾಗದು, ಇಳಿಸಲಾಗದು. ತಂತಿಯ ಶ್ರುತಿಯನ್ನಾದರೋ ಬದಲಿಸಿ ನೋಡಬಹುದು. ಹಾಗೆ ಬದಲಿಸಿದ ಕ್ರಮವನ್ನು ಬರೆದಿಟ್ಟ ಗ್ರಂಥವೊಂದು ನಮ್ಮ ಸುದೈವದಿಂದ ಉಳಿದುಬಂದಿದೆ.

1550ರಲ್ಲಿ ರಚಿತವಾದ 'ಸ್ವರಮೇಳಕಲಾನಿಧಿ'ಯೇ ಆ ಗ್ರಂಥ. ಇದರ ಕರ್ತೃ ರಾಮಾಮಾತ್ಯನು ಅಳಿಯ ರಾಮರಾಯನ ಆಶ್ರಯದಲ್ಲಿದ್ದವನು. 'ಸಂಗೀತರತ್ನಾಕರ'ಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನ ವಂಶಕ್ಕೆ ಸೇರಿದವನು. ರಾಮರಾಯನಿಗಾಗಿ ರತ್ನಕೂಟವೆಂಬ ಅರಮನೆಯನ್ನು ಕಟ್ಟಿಸಿದವನೂ ಈತನೇ. ಗ್ರಂಥದ ಐದು ಪ್ರಕರಣಗಳಲ್ಲಿ ಮೂರನೆಯದು ವೀಣೆಗೆ ಮೀಸಲು. 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯವು ಎಂ. ಎಸ್. ರಾಮಸ್ವಾಮಿ ಅಯ್ಯರ್ ಅವರ ಸಂಪಾದನೆಯಲ್ಲಿ ಇದನ್ನು ಪ್ರಕಟಿಸಿದ ಮೇಲೆ ವಿದ್ವಾಂಸರ ಗಮನವು ಹೆಚ್ಚಾಗಿ ಮೇಳಪ್ರಕರಣದ ಇಪ್ಪತ್ತು ಮೇಳಗಳ ಕಡೆಗೇ ಹರಿದಿದೆ. ವೀಣಾಪ್ರಕರಣವನ್ನು ಕೈಯಲ್ಲಿ ವೀಣೆ ಹಿಡಿದು ಓದಿದವರು ಕಡಮೆ.

ರಾಮಾಮಾತ್ಯನು ಹೇಳುವ ವೀಣೆಗಳು ಮೂರು: ಶುದ್ಧಮೇಳವೀಣೆ, ಮಧ್ಯಮೇಳವೀಣೆ, ಅಚ್ಯುತರಾಜೇಂದ್ರಮೇಳವೀಣೆ. ಕಡೆಯದು 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ಹೆಸರನ್ನು ಹೊತ್ತಿದೆ. ಶ್ರುತಿಗೂಡಿಸುವ ಕ್ರಮವೊಂದಕ್ಕೆ ದೊರೆಯ ಹೆಸರಿಟ್ಟುದನ್ನು ನೋಡಿದರೆ, ತಂತಿಗಳ ವಿಚಾರವು ಅಂದಿನ ಆಸ್ಥಾನದಲ್ಲಿ ಕ್ಷುಲ್ಲಕವೆನಿಸಿರಲಿಲ್ಲವೆಂಬುದು ಸ್ಪಷ್ಟ.

ಶುದ್ಧಮೇಳವೀಣೆಯ ನಾಲ್ಕು ಮುಖ್ಯ ತಂತಿಗಳು ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮಗಳಿಗೆ ಕೂಡಿರುತ್ತವೆ. ನಾಲ್ಕನೆಯದು ಪಂಚಮವಾಗದೆ ಮಧ್ಯಮವಾದುದೇಕೆ? ಮೆಟ್ಟುಗಳನ್ನು ಎಣಿಸಿದರೆ ಉತ್ತರ ತಾನಾಗಿ ದೊರೆಯುತ್ತದೆ. ಗ್ರಂಥಕಾರನು ಮೊದಲು ಇಡಿಸುವ ಮೆಟ್ಟುಗಳು ಆರು. ಮೊದಲನೆಯ ತಂತಿಯಲ್ಲಿ ಅವು ಶುದ್ಧ ಋಷಭದಿಂದ ಚ್ಯುತಪಂಚಮ ಮಧ್ಯಮದವರೆಗೆ ಸಾಗುತ್ತವೆ. ಮುಂದಿನ ಸ್ವರವಾದ ಪಂಚಮವು ಎರಡನೆಯ ತಂತಿಯನ್ನು ಬಿಡಿಯಾಗಿ ಮೀಟಿದಾಗಲೇ ಬರುತ್ತದೆ. ಎರಡನೆಯ ತಂತಿಯ ಐದನೆಯ ಮೆಟ್ಟಿನಲ್ಲಿ ಮಂದ್ರ ಷಡ್ಜ. ಅದೇ ಮೂರನೆಯ ಬಿಡಿತಂತಿಯ ಸ್ವರ. ಮೂರನೆಯದರ ಐದನೆಯ ಮೆಟ್ಟಿನಲ್ಲಿ ಶುದ್ಧ ಮಧ್ಯಮ, ಅದೇ ನಾಲ್ಕನೆಯದು. ಹೀಗೆ ಆರೇ ಮೆಟ್ಟುಗಳಿಂದ ಅನುಮಂದ್ರ ಷಡ್ಜ ಮೊದಲ್ಗೊಂಡು ಮಂದ್ರಸ್ಥಾಯಿಯ ನಿಷಾದದವರೆಗೆ ಎಲ್ಲಿಯೂ ಕಡಿಯದ ಸ್ವರಸರಣಿ ಏರ್ಪಡುತ್ತದೆ. ಅಷ್ಟೇ ಅಲ್ಲದೆ, ಒಂದು ತಂತಿಯ ತಪ್ಪನ್ನು ಪಕ್ಕದ ತಂತಿಯೇ ತೋರಿಸಿಕೊಡುತ್ತದೆ.

ಇದನ್ನು ಇಂದಿನ ವೀಣೆಯಲ್ಲಿ ಕೂಡಿಸಿ ನೋಡಲು ನಾವು ಯತ್ನಿಸಿದೆವು. ಇಂದಿನ ವೀಣೆಯ ತಂತಿಗಳು ಕೆಳಗಿನಿಂದ ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ. ಮೊದಲು ಷಡ್ಜವನ್ನು ಇದ್ದಲ್ಲಿಯೇ ಇರಿಸಿ, ಬಿರಡೆಗಳನ್ನು ಸಡಿಲಿಸಿ ಎಲ್ಲ ತಂತಿಗಳನ್ನೂ ಇಳಿಸಿದೆವು. ಪರಿಣಾಮವು ಶೋಚನೀಯವಾಗಿತ್ತು: ತಂತಿಗಳು ಮೆಟ್ಟುಗಳಿಗೆ ತಗಲಿ ಗರಗರನೆಂದವು. ಇದಕ್ಕೆ ಕಾರಣವಿದೆ. ಮಧ್ಯ ಷಡ್ಜದ ತಂತಿಯನ್ನು ಮಂದ್ರ ಮಧ್ಯಮಕ್ಕೆ ಇಳಿಸಿದರೆ ಅದರ ಬಿಗಿಯು ಮೊದಲಿನ 4/9 ಭಾಗಕ್ಕೆ ಕುಗ್ಗುತ್ತದೆ. ಬಿಗಿ ಕುಗ್ಗದಿರಬೇಕಾದರೆ ಅದೇ ಲೋಹದ, ಒಂದೂವರೆಯಷ್ಟು ದಪ್ಪನಾದ ತಂತಿಯನ್ನು ಕಟ್ಟಬೇಕು.

ಆಮೇಲೆ ತೋರಿದ ಉಪಾಯವು ಸರಳವಾದುದು. ಷಡ್ಜವು ಸಾಪೇಕ್ಷ ಸ್ವರವಷ್ಟೆ. ಇಂದಿನ ಅನುಮಂದ್ರ ಪಂಚಮವನ್ನೇ ಅನುಮಂದ್ರ ಷಡ್ಜವೆಂದು ಕರೆದರೆ, ಮಂದ್ರ ಪಂಚಮವು ಮಂದ್ರ ಷಡ್ಜವಾಗುತ್ತದೆ, ಮಧ್ಯ ಷಡ್ಜವು ಮಂದ್ರ ಮಧ್ಯಮವಾಗುತ್ತದೆ. ಈ ಮೂರು ತಂತಿಗಳನ್ನು ಮುಟ್ಟಬೇಕಾಗಿಯೇ ಇಲ್ಲ! ಉಳಿದ ಒಂದನ್ನು ಮಾತ್ರ ಚತುಃಶ್ರುತಿ ಋಷಭದ ಎತ್ತರಕ್ಕೆ ಏರಿಸಿದರೆ ಶುದ್ಧಮೇಳವು ಸಿದ್ಧವಾಯಿತು. ಪಕ್ಕದ ಶ್ರುತಿತಂತಿಗಳನ್ನು ಹೊಸ ಷಡ್ಜಕ್ಕೆ ಹೊಂದಿಸಿಕೊಂಡರಾಯಿತು.

ರಾಮಾಮಾತ್ಯನ ಮಧ್ಯಮೇಳವೀಣೆಯ ತಂತಿಗಳಾದರೋ ಪಂಚಮ, ಷಡ್ಜ, ಪಂಚಮ, ಷಡ್ಜ. ಅಂದರೆ ಇಂದು ನಾವು ಕೇಳುತ್ತಿರುವ ಕ್ರಮವೇ. ಎರಡು ಕ್ರಮಗಳ ನಡುವೆ ಕೈಗೆ ತಗಲುವ ವ್ಯತ್ಯಾಸ ಒಂದು ತಂತಿಯದಾದರೂ ವಾದನದಲ್ಲಿ ಅದು ಅಲ್ಪವಲ್ಲ. ಮಧ್ಯಮೇಳದಲ್ಲಿ ಮುಖ್ಯ ತಂತಿಯೇ ಮಧ್ಯ ಷಡ್ಜವಾದುದರಿಂದ ರಾಗದ ಮಧ್ಯಸ್ಥಾಯಿಯೆಲ್ಲವೂ ಒಂದೇ ತಂತಿಯ ಮೇಲೆ ಹರಡಿಕೊಳ್ಳುತ್ತದೆ. ತಂತಿಯಿಂದ ತಂತಿಗೆ ದಾಟದೆ ಜಾರುವುದಕ್ಕೂ ಗಮಕಗಳಿಗೂ ಇದು ಅನುಕೂಲ. ಈ ಕ್ರಮವು ಉಳಿದುಬಂದುದಕ್ಕೆ ಇದೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ವೀಣೆಯು ಶಾಸ್ತ್ರವನ್ನು ತಿದ್ದಿದ ಪ್ರಸಂಗವೂ ಇಲ್ಲಿದೆ. ಅಂತರ ಗಾಂಧಾರ, ಕಾಕಲಿ ನಿಷಾದಗಳಿಗೆ ಪ್ರತ್ಯೇಕ ಮೆಟ್ಟುಗಳನ್ನಿಟ್ಟರೆ ಅವು ಪಕ್ಕದ ಮೆಟ್ಟುಗಳಿಗೆ ಅತಿ ಸಮೀಪವಾಗುತ್ತವೆ. ಆದುದರಿಂದ ರಾಮಾಮಾತ್ಯನು ಚ್ಯುತಮಧ್ಯಮ ಗಾಂಧಾರ, ಚ್ಯುತಷಡ್ಜ ನಿಷಾದಗಳನ್ನೇ ಅವುಗಳ ಪ್ರತಿನಿಧಿಗಳನ್ನಾಗಿ ಅಂಗೀಕರಿಸಿದನು. ಶಾರ್ಙ್ಗದೇವನ ಹನ್ನೆರಡು ವಿಕೃತಸ್ವರಗಳು ಇವನಲ್ಲಿ ಏಳಾದವು. ಲಕ್ಷಣಕ್ಕಿಂತ ಲಕ್ಷ್ಯವೇ ಪ್ರಧಾನವೆಂಬ ಅವನ ನಿಲುವು ಬರಿಯ ಮಾತಾಗಿರಲಿಲ್ಲ.

1565ರ ಯುದ್ಧದ ತರುವಾಯ ಈ ಚರ್ಚೆಯ ನೆಲೆಯು ತಂಜಾವೂರಿಗೆ ಸರಿಯಿತು. 17ನೆಯ ಶತಮಾನದಲ್ಲಿ ಅಲ್ಲಿಯ ವೀಣೆಗೆ ರಘುನಾಥನಾಯಕನ ಹೆಸರು ಬಂದಿತು. ವೆಂಕಟಮಖಿಯು 'ಚತುರ್ದಂಡಿಪ್ರಕಾಶಿಕೆ'ಯಲ್ಲಿ ರಾಮಾಮಾತ್ಯನನ್ನು ಕಟುವಾಗಿಯೇ ಖಂಡಿಸಿದನು. ಆದರೂ ವೀಣೆಗಳನ್ನು ವಿವರಿಸುವಾಗ ಶುದ್ಧಮೇಳ, ಮಧ್ಯಮೇಳವೆಂಬ ಹೆಸರುಗಳನ್ನು ಅವನೂ ಕೈಬಿಡಲಿಲ್ಲ.