ಇಂಗ್ಲಿಷ್ ವಾಕ್ಯರಚನೆಯ ಪೂರ್ವೋತ್ತರ

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ಉಪಾಧ್ಯಾಯರೆಲ್ಲರಿಗೂ ಚಿರಪರಿಚಿತವಾದ ಒಂದು ವಾಕ್ಯವುಂಟು. 'ನಾನು ನಿನ್ನೆ ಸಂತೆಗೆ ಹೋದೆನು' ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯೆಂದರೆ ಹುಡುಗನು 'ಐ ಯೆಸ್ಟರ್‌ಡೇ ಮಾರ್ಕೆಟ್ ವೆಂಟ್' ಎಂದು ಬರೆಯುತ್ತಾನೆ. ಉಪಾಧ್ಯಾಯರು ಅದರ ಮೇಲೆ ಕೆಂಪು ಗೆರೆ ಎಳೆಯುತ್ತಾರೆ. ತರಗತಿಯಲ್ಲಿ ನಗು ಏಳುತ್ತದೆ. ತನಗೆ ಇಂಗ್ಲಿಷು ತಲೆಗೆ ಹತ್ತದೆಂದು ಹುಡುಗನು ತೀರ್ಮಾನಿಸಿಕೊಳ್ಳುತ್ತಾನೆ. ಆ ತೀರ್ಮಾನ ಸರಿಯಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಆ ಹುಡುಗನು ವ್ಯಾಕರಣವಿಲ್ಲದೆ ಬರೆದವನಲ್ಲ. ಒಂದು ವ್ಯಾಕರಣದ ಸ್ಥಳದಲ್ಲಿ ಇನ್ನೊಂದನ್ನು ಅನುಸರಿಸಿದವನು. ಅವನು ಅನುಸರಿಸಿದ ಮಾರ್ಗಕ್ಕೆ ಹತ್ತಿರವಾದ ಮಾರ್ಗವೊಂದು ಒಂದು ಕಾಲದಲ್ಲಿ ಇಂಗ್ಲಿಷಿನಲ್ಲಿಯೇ ಇದ್ದಿತೆಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಕನ್ನಡದಲ್ಲಿ 'ರಾಜನು ಹುಡುಗನನ್ನು ಕಂಡನು' ಎಂದರೂ, 'ಹುಡುಗನನ್ನು ರಾಜನು ಕಂಡನು' ಎಂದರೂ ಅರ್ಥ ಒಂದೇ. ಕಂಡವನಾರು, ಕಾಣಿಸಿಕೊಂಡವನಾರು ಎಂಬುದನ್ನು ವಿಭಕ್ತಿಪ್ರತ್ಯಯಗಳು ಹೇಳುತ್ತವೆಯಾದ ಕಾರಣ ಪದಗಳು ಎಲ್ಲಿ ಕುಳಿತರೂ ಬಾಧಕವಿಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. 'ದ ಕಿಂಗ್ ಸಾ ದ ಬಾಯ್' ಎಂಬುದರಲ್ಲಿ ಎರಡು ನಾಮಪದಗಳನ್ನು ಅದಲುಬದಲು ಮಾಡಿದರೆ ಕಂಡವನೇ ಕಾಣಿಸಿಕೊಂಡವನಾಗುತ್ತಾನೆ. ಅಲ್ಲಿ ಕರ್ತೃವನ್ನು ಕರ್ತೃವೆಂದು ತಿಳಿಸುವುದು ಪ್ರತ್ಯಯವಲ್ಲ, ಕ್ರಿಯಾಪದದ ಹಿಂದಿರುವ ಸ್ಥಾನ. ಕರ್ಮವನ್ನು ಕರ್ಮವೆಂದು ತಿಳಿಸುವುದು ಕ್ರಿಯಾಪದದ ಮುಂದಿರುವ ಸ್ಥಾನ. ಈ ವ್ಯವಸ್ಥೆ ಆ ಭಾಷೆಗೆ ಹುಟ್ಟಿನಿಂದ ಬಂದುದಲ್ಲ.

ಕ್ರಿಸ್ತಶಕ ಐದನೆಯ ಶತಮಾನದ ಮಧ್ಯಭಾಗದಿಂದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಜನರು ಈಗಿನ ಉತ್ತರ ಜರ್ಮನಿ ಮತ್ತು ಡೆನ್ಮಾರ್ಕುಗಳ ತೀರದಿಂದ ಬ್ರಿಟನ್ನಿಗೆ ಬಂದು ನೆಲೆಸಿದರು. ಅವರ ಮಾತೇ ಹಳೆಯ ಇಂಗ್ಲಿಷು. ಅದರಲ್ಲಿ 'ರಾಜನು' ಎಂಬುದಕ್ಕೆ 'ಸೆ ಕ್ಯುನಿಂಗ್', 'ರಾಜನನ್ನು' ಎಂಬುದಕ್ಕೆ 'ಥೊನೆ ಕ್ಯುನಿಂಗ್', 'ರಾಜನ' ಎಂಬುದಕ್ಕೆ 'ಥ್ಯಾಸ್ ಕ್ಯುನಿಂಗೆಸ್', 'ರಾಜನಿಗೆ' ಎಂಬುದಕ್ಕೆ 'ಥ್ಯಾಮ್ ಕ್ಯುನಿಂಗೆ' ಎಂದು ಬೇರೆ ಬೇರೆ ರೂಪಗಳಿದ್ದುವು. ಇಂದು 'ದ' ಎಂಬ ಒಂದೇ ರೂಪವಾಗಿ ಉಳಿದಿರುವ ಪದಕ್ಕೆ ಅಂದು ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ಹಲವು ರೂಪಗಳು. ಆದುದರಿಂದ ಆ ಕಾಲದ ವಾಕ್ಯದಲ್ಲಿ ಪದಗಳಿಗೆ ಇಂದಿಗಿಂತ ಹೆಚ್ಚಿನ ಸ್ವಾತಂತ್ರ್ಯವಿದ್ದಿತು. ೮೭೧ರಿಂದ ೮೯೯ರವರೆಗೆ ವೆಸೆಕ್ಸಿನಲ್ಲಿ ಆಳಿದ ಆಲ್ಫ್ರೆಡ್ ರಾಜನ ಕಾಲದ ಗದ್ಯವನ್ನು ನೋಡಿದರೆ, ಅಧೀನ ವಾಕ್ಯಗಳಲ್ಲಿ ಕ್ರಿಯಾಪದವು ಅನೇಕ ವೇಳೆ ಕೊನೆಯಲ್ಲಿಯೇ ಬರುತ್ತದೆ. ನಮ್ಮ ಹುಡುಗನು 'ವೆಂಟ್' ಎಂಬುದನ್ನು ತುದಿಯಲ್ಲಿ ಇಟ್ಟುದನ್ನು ಕಂಡು ನಗುವವರು ಇದನ್ನು ನೆನೆಯಬೇಕು.

ಹಾಗಾದರೆ ಆ ಪ್ರತ್ಯಯಗಳು ಏನಾದುವು? ಕಾರಣ ಒಂದೇ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಉಚ್ಚಾರಣೆಯ ಒತ್ತು ಸಾಮಾನ್ಯವಾಗಿ ಪದದ ಮೊದಲಲ್ಲಿ ಬೀಳುತ್ತಿದ್ದಿತು. ಒತ್ತಿಲ್ಲದ ಕೊನೆಯ ಅಕ್ಷರಗಳು ಬಾಯಲ್ಲಿ ಮಸುಳಿಸಿ, ಬೇರೆ ಬೇರೆಯಾಗಿದ್ದ 'ಅನ್', 'ಒನ್', 'ಉಮ್' ಮೊದಲಾದ ಪ್ರತ್ಯಯಗಳು ಕ್ರಮೇಣ ಒಂದೇ ಧ್ವನಿಯಾಗಿ, ಆಮೇಲೆ ಅದೂ ಅಳಿಸಿಹೋಯಿತು. ಎರಡನೆಯ ಕಾರಣ ಜನಸಂಪರ್ಕ. ೭೯೩ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ಬಿದ್ದ ಸ್ಕ್ಯಾಂಡಿನೇವಿಯದ ದಾಳಿಗಾರರ ಕಡೆಯವರು ಮುಂದೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಒಕ್ಕಲಾಗಿ ನಿಂತರು. ಅವರ ಮಾತಿಗೂ ಇಂಗ್ಲಿಷಿಗೂ ಧಾತುಗಳು ಬಹುಮಟ್ಟಿಗೆ ಸಮಾನ, ಪ್ರತ್ಯಯಗಳು ಭಿನ್ನ. ಹೊಲದ ಬದುವಿನಲ್ಲಿಯೂ ಸಂತೆಯಲ್ಲಿಯೂ ಇಬ್ಬರೂ ಮಾತನಾಡುವಾಗ ಧಾತುವಿನಿಂದ ಅರ್ಥವಾಗುತ್ತಿದ್ದಿತು, ಪ್ರತ್ಯಯದಿಂದ ತೊಡಕಾಗುತ್ತಿದ್ದಿತು. ಆದುದರಿಂದ ಪ್ರತ್ಯಯಗಳು ಬೇಗ ಸವೆದುವು ಎಂದು ಅನೇಕ ವಿದ್ವಾಂಸರ ಮತ. ಉತ್ತರದ ಉಪಭಾಷೆಗಳಲ್ಲಿ ಈ ಸವೆತ ಮೊದಲು ಕಾಣಿಸಿಕೊಂಡು, ದಕ್ಷಿಣದಲ್ಲಿ ತಡವಾಗಿ ಬಂದುದು ಈ ಮತಕ್ಕೆ ಬಲ ಕೊಡುತ್ತದೆ. 'ದೇ', 'ದೆಮ್', 'ದೇರ್' ಎಂಬ ಸರ್ವನಾಮಗಳೂ ಆ ಜನರಿಂದಲೇ ಬಂದುವು. ಎರಡು ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಬಾಳುವ ಗಡಿನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

೧೧೫೪ರವರೆಗೆ ಬರೆಯಲ್ಪಟ್ಟ ಪೀಟರ್‌ಬರೋ ಮಠದ ವೃತ್ತಾಂತದ ಕೊನೆಯ ಭಾಗಗಳಲ್ಲಿ ಹಳೆಯ ವಿಭಕ್ತಿವ್ಯವಸ್ಥೆ ಕುಸಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಪ್ರತ್ಯಯಗಳು ಹೋದ ಮೇಲೆ ಅವುಗಳ ಕೆಲಸವನ್ನು ಮಾಡುವವರಾರು? ಕರ್ತೃ, ಕ್ರಿಯೆ, ಕರ್ಮ ಎಂಬ ಪದಕ್ರಮವು ಒಂದು ಪಾಲನ್ನು ವಹಿಸಿಕೊಂಡಿತು. 'ಟು', 'ಆಫ್', 'ವಿತ್', 'ಫ್ರಮ್' ಮುಂತಾದ ಪ್ರಿಪೊಸಿಷನ್‌ಗಳು ಇನ್ನೊಂದು ಪಾಲನ್ನು ವಹಿಸಿಕೊಂಡುವು. ನಮ್ಮ ಹುಡುಗನು 'ಸಂತೆಗೆ' ಎಂಬಲ್ಲಿಯ 'ಗೆ' ಎಂಬುದಕ್ಕೆ ಸಮನಾದ 'ಟು' ಎಂಬುದನ್ನು ಬಿಟ್ಟುದೂ ಈ ಕಾರಣದಿಂದಲೇ. ಪದದ ಹಿಂದೆ ಅಂಟಿಕೊಂಡಿರುವುದನ್ನು ಪದದ ಮುಂದೆ ಹುಡುಕಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಳೆಯ ಮನೆ ಬಿದ್ದಲ್ಲಿ ನಾಲ್ಕು ಕಂಬಗಳು ಉಳಿಯುವಂತೆ 'ಹೀ, ಹಿಮ್', 'ಹೂ, ಹೂಮ್' ಎಂಬ ಸರ್ವನಾಮರೂಪಗಳೂ ಷಷ್ಠಿಯ ಸಕಾರವೂ ಇಂದಿಗೂ ನಿಂತಿವೆ.

೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಸ್ಥಾನಗಳಲ್ಲಿ ಫ್ರೆಂಚೂ ಮಠ ಮತ್ತು ವಿದ್ಯಾಪೀಠಗಳಲ್ಲಿ ಲ್ಯಾಟಿನ್ನೂ ಮೆರೆದುವು. ಇಂಗ್ಲಿಷು ಒಕ್ಕಲಿಗರ ಮಾತಾಯಿತು. ಶಾಲೆಯ ಮಕ್ಕಳು ತಮ್ಮ ಲ್ಯಾಟಿನ್ ಪಾಠವನ್ನು ತಾಯ್ನುಡಿಯಲ್ಲಿ ಅರ್ಥೈಸದೆ ಫ್ರೆಂಚಿನಲ್ಲಿ ಅರ್ಥೈಸಬೇಕಾಗಿದ್ದಿತು. ೧೩೪೮-೪೯ರ ಮಹಾಮಾರಿಯ ತರುವಾಯ ಜಾನ್ ಕಾರ್ನ್‌ವಾಲ್ ಎಂಬ ಉಪಾಧ್ಯಾಯನು ಈ ಕ್ರಮವನ್ನು ಬಿಟ್ಟು ಇಂಗ್ಲಿಷಿನಲ್ಲಿಯೇ ಪಾಠ ಹೇಳತೊಡಗಿದನು. ೧೩೮೫ರ ವೇಳೆಗೆ ಇಂಗ್ಲೆಂಡಿನ ವ್ಯಾಕರಣಶಾಲೆಗಳೆಲ್ಲ ಆ ಮಾರ್ಗವನ್ನು ಹಿಡಿದಿದ್ದುವೆಂದು ಜಾನ್ ಟ್ರೆವಿಸಾ ಬರೆದಿಟ್ಟಿದ್ದಾನೆ. ಅವನು ಲಾಭನಷ್ಟಗಳೆರಡನ್ನೂ ಪ್ರಾಮಾಣಿಕವಾಗಿ ಎಣಿಸುತ್ತಾನೆ: ಮಕ್ಕಳು ಹಿಂದಿಗಿಂತ ಕಡಿಮೆ ಕಾಲದಲ್ಲಿ ವ್ಯಾಕರಣ ಕಲಿಯುತ್ತಾರೆಂಬುದು ಲಾಭ, ಫ್ರೆಂಚ್ ಬಾರದೆ ಪರದೇಶದಲ್ಲಿ ಕಷ್ಟಪಡುತ್ತಾರೆಂಬುದು ನಷ್ಟ. ೧೩೬೨ರಲ್ಲಿ ನ್ಯಾಯಸ್ಥಾನಗಳ ವಾದವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ಶಾಸನವಾಯಿತು. ಆ ಶಾಸನವನ್ನು ಬರೆದುದು ಮಾತ್ರ ಫ್ರೆಂಚಿನಲ್ಲಿ! ಇಂದು ಜಗತ್ತನ್ನೇ ವ್ಯಾಪಿಸಿರುವ ಭಾಷೆಯು ತನ್ನ ನೆಲದಲ್ಲಿಯೇ ಸುಮಾರು ಮುನ್ನೂರು ವರ್ಷ ಶಾಲೆಯ ಹೊರಗೆ ನಿಂತಿದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಇಲ್ಲಿ ಒಂದು ಮಾತು ಗಮನಾರ್ಹ. ಅಂದಿನ ಇಂಗ್ಲೆಂಡಿನಲ್ಲಿ ವ್ಯಾಕರಣವೆಂದರೆ ಲ್ಯಾಟಿನ್ ವ್ಯಾಕರಣವೇ ಹೊರತು ಬೇರೆಯಲ್ಲ. ಇಂಗ್ಲಿಷಿಗೂ ವ್ಯಾಕರಣವುಂಟೆಂದು ತೋರಿಸಲು ವಿಲಿಯಂ ಬುಲ್ಲೊಕರನು ೧೫೮೬ರಲ್ಲಿ ಒಂದು ಕಿರುಪುಸ್ತಕವನ್ನು ಅಚ್ಚು ಹಾಕಿಸಿದನು. ಇಂಗ್ಲಿಷಿನಲ್ಲಿ ಬಂದ ಮೊದಲ ಇಂಗ್ಲಿಷ್ ವ್ಯಾಕರಣ ಅದು. ಆದರೆ ಅದರ ಎರಕ ಲ್ಯಾಟಿನ್ನಿನದು. ೧೬೫೩ರಲ್ಲಿ ಗಣಿತಜ್ಞನಾದ ಜಾನ್ ವಾಲಿಸನು ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿಗೆ ಒತ್ತಬಾರದೆಂದು ವಾದಿಸಿದನು. ವಿಚಿತ್ರವೆಂದರೆ ಅವನ ಗ್ರಂಥವೂ ಲ್ಯಾಟಿನ್ನಿನಲ್ಲಿಯೇ ಇದೆ. ನಮಗೆ ಇದು ಹೊಸದಲ್ಲ. ನಾಗವರ್ಮನ 'ಕರ್ಣಾಟಕ ಭಾಷಾಭೂಷಣ'ವೂ ಭಟ್ಟಾಕಳಂಕನ ೧೬೦೪ರ 'ಕರ್ಣಾಟಕ ಶಬ್ದಾನುಶಾಸನ'ವೂ ಕನ್ನಡದ ವ್ಯಾಕರಣಗಳೇ ಆದರೂ ಸಂಸ್ಕೃತ ಸೂತ್ರಗಳಲ್ಲಿವೆ. ಆದರೆ ನಮ್ಮಲ್ಲಿ ೧೩ನೆಯ ಶತಮಾನದಲ್ಲಿಯೇ ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ಕನ್ನಡದಲ್ಲಿ ಬರೆದು, ಗಮಕಸಮಾಸ, ಶ್ರುತಿಸಹ್ಯಸಂಧಿ ಮೊದಲಾದುವು ಕನ್ನಡದ ವಿಶೇಷಗಳೆಂದು ಎತ್ತಿ ತೋರಿಸಿದನು. ಬುಲ್ಲೊಕರನಿಗಿಂತ ಮುನ್ನೂರು ವರ್ಷಗಳಷ್ಟು ಹಿಂದಿನ ಮಾತಿದು.

೧೮ನೆಯ ಶತಮಾನವು ಇಂಗ್ಲಿಷಿಗೆ ನಿಯಮಗಳ ಕಾಲ. ೧೭೬೧ರಲ್ಲಿ ಜೋಸೆಫ್ ಪ್ರೀಸ್ಟ್ಲಿಯ ವ್ಯಾಕರಣವೂ, ೧೭೬೨ರಲ್ಲಿ ರಾಬರ್ಟ್ ಲೌತನ ವ್ಯಾಕರಣವೂ ಹೊರಬಂದುವು. ಮುಂದೆ ಆಮ್ಲಜನಕದ ಶೋಧನೆಯಿಂದ ಪ್ರಸಿದ್ಧನಾದ ಪ್ರೀಸ್ಟ್ಲಿಯು ಜನರ ಬಳಕೆಯೇ ಪ್ರಮಾಣವೆಂದನು. ಮುಂದೆ ಲಂಡನ್ನಿನ ಬಿಷಪ್ಪನಾದ ಲೌತನು ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ವಾಕ್ಯಗಳಿಂದಲೇ ದೋಷಗಳನ್ನು ಆರಿಸಿ ಅಡಿಟಿಪ್ಪಣಿಗಳಲ್ಲಿ ಕೊಟ್ಟನು. ಮಹಾಕವಿಗಳೇ ತಪ್ಪಿನ ಉದಾಹರಣೆಗಳಾದ ಮೇಲೆ ನಮ್ಮ ಹುಡುಗನ ಪಾಡೇನು! ಲೌತನ ಮಾರ್ಗವನ್ನು ಹಿಡಿದು ಅಮೆರಿಕದಲ್ಲಿ ಹುಟ್ಟಿ ಯಾರ್ಕಿನಲ್ಲಿ ನೆಲೆಸಿದ ಲಿಂಡ್ಲಿ ಮರ್ರೆಯು ಅಲ್ಲಿಯ ಬಾಲಿಕಾಶಾಲೆಯೊಂದಕ್ಕಾಗಿ ೧೭೯೫ರಲ್ಲಿ ಬರೆದ ಪುಸ್ತಕವು ಎರಡು ಖಂಡಗಳ ಶಾಲೆಗಳಲ್ಲಿ ಬಹುಕಾಲ ಪಠ್ಯವಾಗಿ ನಿಂತಿತು.

ಈ ನಿಯಮಗಳಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಿ ನೋಡಬೇಕು. ಕೆಲವು ಭಾಷೆಯ ಒಡಲಿನಿಂದ ಬಂದುವು. ಕರ್ತೃ ಮೊದಲು, ಕ್ರಿಯೆ ಆಮೇಲೆ ಎಂಬುದು ಅಂತಹುದು. ಅದನ್ನು ಮುರಿದರೆ ಅರ್ಥವೇ ಕೆಡುತ್ತದೆ. ಇನ್ನು ಕೆಲವು ಪಂಡಿತರ ಅಭಿರುಚಿಯಿಂದ ಬಂದುವು. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದೆಂಬುದು ಅಂತಹ ಒಂದು. ೧೬೭೨ರಲ್ಲಿ ಕವಿ ಡ್ರೈಡನ್ನನು ಬೆನ್ ಜಾನ್ಸನ್ನನಲ್ಲಿ ಇದನ್ನು ದೋಷವೆಂದೆಣಿಸಿದನು. ಲೌತನಾದರೋ ಇದು ಆಡುಮಾತಿಗೆ ಒಪ್ಪುವುದೆಂದೂ ಗಂಭೀರ ಶೈಲಿಗೆ ಅಷ್ಟಾಗಿ ಒಪ್ಪದೆಂದೂ ಮಾತ್ರ ಹೇಳಿದನು. ಹಾಗೆ ಹೇಳುವಾಗ ಅವನ ವಾಕ್ಯಭಾಗವೇ ಪ್ರಿಪೊಸಿಷನ್ನಿನಿಂದ ಮುಗಿದಿದೆ. ಎರಡು ನಿಷೇಧಗಳು ಸೇರಿದರೆ ವಿಧಿಯಾಗುತ್ತದೆಂಬ ನಿಯಮವೂ ಹೀಗೆಯೇ. ೧೪ನೆಯ ಶತಮಾನದ ಛಾಸರನು ನಿಷೇಧವನ್ನು ಬಲಪಡಿಸಲು ಎರಡು ಮೂರು ನಿಷೇಧಪದಗಳನ್ನು ಒಟ್ಟಿಗೆ ಬಳಸಿದ್ದಾನೆ. ಅದು ಇಂದು ಶಿಷ್ಟಪ್ರಯೋಗವಲ್ಲವೆಂಬುದು ನಿಜ. ಅದಕ್ಕೆ ಕಾರಣ ಬಳಕೆಯ ಬದಲಾವಣೆಯೇ ಹೊರತು ಗಣಿತದ ತರ್ಕವಲ್ಲ.

ಪ್ರಶ್ನೆ ಮತ್ತು ನಿಷೇಧಗಳಲ್ಲಿ ಬರುವ 'ಡು' ಎಂಬ ಸಹಾಯಕ ಕ್ರಿಯೆಯಂತೂ ನಮ್ಮ ಮಕ್ಕಳಿಗೆ ದೊಡ್ಡ ತಲೆನೋವು. ಷೇಕ್ಸ್‌ಪಿಯರನ ಕಾಲದಲ್ಲಿ 'ಐ ನೋ ನಾಟ್' ಎಂದರೂ ನಡೆಯುತ್ತಿದ್ದಿತು, 'ಐ ಡು ನಾಟ್ ನೋ' ಎಂದರೂ ನಡೆಯುತ್ತಿದ್ದಿತು. ಎರಡನೆಯದು ಕಟ್ಟುನಿಟ್ಟಾದುದು ತರುವಾಯ. ಒಬ್ಬನೇ ಇರುವಾಗಲೂ 'ಯೂ ಆರ್' ಎಂದು ಬಹುವಚನವೇಕೆಂದು ಮಕ್ಕಳು ಕೇಳುವುದುಂಟು. ನಮ್ಮ 'ನೀನು, ನೀವು' ಎಂಬಂತೆ ಅವರಲ್ಲಿಯೂ 'ದೌ, ಯೂ' ಎಂಬ ಭೇದವಿದ್ದು, ಗೌರವದ 'ಯೂ' ಎಂಬುದೇ ಕಡೆಗೆ ಎಲ್ಲರಿಗೂ ಸಂದಿತು. ಒಬ್ಬ ಹಿರಿಯರನ್ನು 'ನೀವು ಇದ್ದೀರಿ' ಎನ್ನುವ ಮಗುವಿಗೆ ಇದನ್ನು ತಿಳಿಸುವುದು ಅರೆಕ್ಷಣದ ಕೆಲಸ.

ಭಾರತದ ಶಾಲೆಗಳಿಗೆ ೧೯ನೆಯ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡರ ವ್ಯಾಕರಣವೂ, ೧೯೩೦ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ನರ ಪುಸ್ತಕವೂ ಬಂದುವು. ಪದವಿಂಗಡಣೆ ಮತ್ತು ವಾಕ್ಯವಿಭಜನೆಗಳಲ್ಲಿ ತಲೆಮಾರುಗಳು ಇವುಗಳಿಂದ ಪಳಗಿದುವು. ಆದರೆ ಸಿದ್ಧವಾದ ವಾಕ್ಯವನ್ನು ಬಿಚ್ಚುವುದು ಬೇರೆ, ಹೊಸ ವಾಕ್ಯವನ್ನು ಕಟ್ಟುವುದು ಬೇರೆ. ೧೯೨೪ರಿಂದ ಜಪಾನಿನಲ್ಲಿ ಉಪಾಧ್ಯಾಯರಾಗಿದ್ದ ಎ. ಎಸ್. ಹಾರ್ನ್‌ಬಿಯವರು ಈ ಭೇದವನ್ನು ಚೆನ್ನಾಗಿ ಕಂಡವರು. ಜಪಾನೀ ಭಾಷೆಯಲ್ಲಿಯೂ ನಮ್ಮಲ್ಲಿಯಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ಒಂದೊಂದು ಇಂಗ್ಲಿಷ್ ಕ್ರಿಯಾಪದವೂ ತನ್ನ ಮುಂದೆ ಎಂತಹ ಪದಗಳನ್ನು ಯಾವ ಕ್ರಮದಲ್ಲಿ ಬೇಡುತ್ತದೆಂಬುದನ್ನು ಮಾದರಿಗಳಾಗಿ ವಿಂಗಡಿಸಿ ಅವರು ೧೯೫೪ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ವಿದೇಶದ ವಿದ್ಯಾರ್ಥಿಯ ಮುಖ ನೋಡಿ ಬರೆದ ವ್ಯಾಕರಣ ಅದು.

ಈ ಚರಿತ್ರೆಯಿಂದ ಉಪಾಧ್ಯಾಯರಾದ ನಾವು ಕಲಿಯಬೇಕಾದುದೇನು? ಇಂಗ್ಲಿಷ್ ಪಾಠಕ್ಕೆ ಮುಂಚೆ ಕನ್ನಡದ ವಿಭಕ್ತಿಪಾಠ ಗಟ್ಟಿಯಾಗಬೇಕು ಎಂಬುದೊಂದು. 'ಅನ್ನು' ಎಂಬುದು ಏನು ಮಾಡುತ್ತದೆಂದು ಅರಿತ ಮಗುವಿಗೇ, ಅದಿಲ್ಲದ ಭಾಷೆ ಆ ಕೆಲಸವನ್ನು ಹೇಗೆ ಸಾಗಿಸುತ್ತದೆಂಬ ಪ್ರಶ್ನೆ ಹುಟ್ಟೀತು. ಕರಿಹಲಗೆಯ ಮೇಲೆ 'ರಾಜನು ಹುಡುಗನನ್ನು ಕಂಡನು' ಎಂದು ಬರೆದು ಪದಗಳನ್ನು ಸ್ಥಳಾಂತರಿಸಿ ತೋರಿಸಿರಿ. ಬಳಿಕ ಇಂಗ್ಲಿಷ್ ವಾಕ್ಯದಲ್ಲಿ ಅದನ್ನೇ ಮಾಡಿರಿ. ನಿಯಮವನ್ನು ಮಕ್ಕಳೇ ಹೇಳುತ್ತಾರೆ. ಎರಡನೆಯದು, ತಪ್ಪನ್ನು ತಿದ್ದಬೇಕು, ಆದರೆ ತಪ್ಪಿನೊಳಗಿನ ತಿಳಿವನ್ನು ಮೊದಲು ಗುರುತಿಸಬೇಕು. 'ಐ ಯೆಸ್ಟರ್‌ಡೇ ಮಾರ್ಕೆಟ್ ವೆಂಟ್' ಎಂದು ಬರೆದವನು ಭೂತಕಾಲದ ಕ್ರಿಯಾರೂಪವನ್ನು ಸರಿಯಾಗಿ ಬಲ್ಲನು. ಕರ್ತೃವನ್ನು ಅದರ ಸ್ಥಾನದಲ್ಲಿಯೇ ಇಟ್ಟಿದ್ದಾನೆ. ಮನೆಯಲ್ಲಿ ಕಲಿತ ಕ್ರಮವನ್ನು ಎಲ್ಲಿಯೂ ತಪ್ಪಿಸಿಲ್ಲ. ಅವನಿಗೆ ತಿಳಿಯಬೇಕಾದುದು ಎರಡೇ ಸಂಗತಿ: ಕ್ರಿಯಾಪದವು ಕರ್ತೃವಿನ ಬಳಿಗೆ ಬರಬೇಕು, 'ಗೆ' ಎಂಬುದು 'ಟು' ಆಗಿ ಪದದ ಮುಂದಕ್ಕೆ ಹೋಗಬೇಕು.

ಗಡಿನಾಡಿನ ನಮ್ಮ ಮಗು ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಒಂದು ಭಾಷೆ, ಪರೀಕ್ಷೆಯಲ್ಲಿ ಮತ್ತೊಂದು ಭಾಷೆ ಎಂದು ಮೂರು ಹೊರೆ ಹೊರುತ್ತದೆ. ಆ ಹೊರೆಯ ಮೇಲೆ ನಾಚಿಕೆಯ ಹೊರೆಯನ್ನೂ ಏರಿಸುವುದು ಬೇಡ. ಜಾನ್ ಕಾರ್ನ್‌ವಾಲನು ಆರುನೂರೆಪ್ಪತ್ತು ವರ್ಷಗಳ ಹಿಂದೆ ತನ್ನ ಶಾಲೆಯಲ್ಲಿ ಕಂಡುಕೊಂಡುದು ಇಷ್ಟೆ: ಗೊತ್ತಿರುವ ಮಾತಿನ ಮೂಲಕವೇ ಗೊತ್ತಿಲ್ಲದ ಮಾತನ್ನು ಸೇರಬೇಕು. ಆ ಹಾದಿಯಲ್ಲಿ ಇಂಗ್ಲಿಷ್ ಮಕ್ಕಳಿಗೆ ಅವರ ಇಂಗ್ಲಿಷು ನೆರವಾದಂತೆ ನಮ್ಮ ಮಕ್ಕಳಿಗೆ ನಮ್ಮ ಕನ್ನಡವು ನೆರವಾಗಲಿ.