ಜೋಗೇಶ್ವರಿಯ ಪುನರ್ನಿರ್ಮಾಣವೂ ನಿವಾಸಿಗಳ ಮತಾಧಿಕಾರವೂ

ಜೋಗೇಶ್ವರಿಯೆಂದೊಡನೆ ಇತಿಹಾಸಾಭ್ಯಾಸಿಗಳ ನೆನಪಿಗೆ ಬರುವುದು ಕ್ರಿಸ್ತಶಕ ಆರನೆಯ ಶತಮಾನದ ಶೈವ ಗುಹಾಲಯ. ಆದರೆ ಆ ಉಪನಗರದ ಹಳೆಯ ಕಟ್ಟಡಗಳಲ್ಲಿ ವಾಸಿಸುವ ಸಂಸಾರಗಳನ್ನು ಇಂದು ಕಾಡುತ್ತಿರುವ ಪ್ರಶ್ನೆ ಬೇರೆ: ಇರುವ ಮನೆಯನ್ನು ಕೆಡವಿ ಹೊಸತನ್ನು ಕಟ್ಟಲು ಒಪ್ಪಿಗೆ ನೀಡಬೇಕೆ, ಬೇಡವೆ? ಇದನ್ನು ಸಭೆಯಲ್ಲಿ ಮತದಿಂದ ನಿರ್ಣಯಿಸುವ ಪದ್ಧತಿ ಎಲ್ಲಿಂದ ಬಂದಿತು, ಆ ಮತದ ಬಲವೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿಯ ಮೂಲವನ್ನರಸಿದರೆ ನಮ್ಮವರೇ ಎದುರಾಗುತ್ತಾರೆ. ಕನ್ನಡ ಜಿಲ್ಲೆಯಿಂದ ಮುಂಬಯಿಗೆ ಬಂದು ನೆಲೆಸಿದ ಸಾರಸ್ವತ ಸಮಾಜದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಬ್ಯಾಂಕನ್ನೂ, 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವನ್ನೂ ಸ್ಥಾಪಿಸಿದರು. 1904ರ ಕಾಯಿದೆ ಸಾಲ ಕೊಡುವ ಸಂಘಗಳಿಗೆ ಮಾತ್ರ ಅವಕಾಶವಿತ್ತಿದ್ದಿತು. 1912ರ ಕಾಯಿದೆಯಿಂದ ಬೇರೆ ಬಗೆಯ ಸಂಘಗಳಿಗೂ ದಾರಿ ತೆರೆಯಿತು. ಸಹಕಾರದ ಮೂಲಸೂತ್ರವಾದ ‘ಸದಸ್ಯನೊಬ್ಬನಿಗೆ ಒಂದೇ ಮತ’ ಎಂಬುದು ಮುಂದೆ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯಲ್ಲಿಯೂ ಉಳಿದುಬಂದಿತು. ಮನೆ ದೊಡ್ಡದಿರಲಿ, ಚಿಕ್ಕದಿರಲಿ, ಮತ ಒಂದೇ. ಅಂದಿನ ಮತ ಮನೆ ಕಟ್ಟುವುದಕ್ಕಾಗಿದ್ದಿತು. ಇಂದಿನದು ಮೊದಲು ಕೆಡಹುವುದಕ್ಕೆ.

ಕಟ್ಟಡ ಜೀರ್ಣವಾದಾಗ ಬಿಲ್ಡರನು ಎತ್ತರವಾಗಿ ಕಟ್ಟಿ, ಹಳಬರಿಗೆ ಮನೆಯಿತ್ತು, ಮಿಕ್ಕುದನ್ನು ಮಾರಿ ಲಾಭ ಪಡೆಯುವನು. ಕಾರ್ಯಕಾರಿ ಸಮಿತಿಗಳು ಬಿಲ್ಡರರೊಡನೆ ಗುಟ್ಟಾಗಿ ಕೈಜೋಡಿಸುತ್ತವೆಂಬ ದೂರುಗಳು ಹೆಚ್ಚಲು, ರಾಜ್ಯ ಸರಕಾರವು 3 ಜನವರಿ 2009ರಂದು ನಿರ್ದೇಶನವೊಂದನ್ನು ಹೊರಡಿಸಿತು. ಬಿಲ್ಡರನನ್ನು ಆರಿಸುವ ಸಭೆಯಲ್ಲಿ ಒಟ್ಟು ಸದಸ್ಯರ ಮುಕ್ಕಾಲು ಪಾಲು ಹಾಜರಿರಬೇಕು. ಹಾಜರಾದವರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ರಿಜಿಸ್ಟ್ರಾರರ ಪ್ರತಿನಿಧಿಯ ಸಮಕ್ಷಮದಲ್ಲಿ ಸಭೆ ನಡೆದು, ಅದರ ಚಿತ್ರೀಕರಣವೂ ಆಗಬೇಕು. 4 ಜುಲೈ 2019ರ ಪರಿಷ್ಕೃತ ನಿರ್ದೇಶನವು ಕೋರಂ ಅನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿ, ಒಟ್ಟು ಸದಸ್ಯರಲ್ಲಿ ಶೇಕಡ 51ರ ಒಪ್ಪಿಗೆ ಸಾಕೆಂದಿತು.

ಮೇಲ್ನೋಟಕ್ಕೆ ಮುಕ್ಕಾಲು ಅರ್ಧಕ್ಕಿಳಿದಂತೆ ತೋರುವುದು. ಲೆಕ್ಕ ಬೇರೆಯೇ ಹೇಳುತ್ತದೆ. ನೂರು ಸದಸ್ಯರ ಸೊಸೈಟಿಯಲ್ಲಿ 75 ಜನರಷ್ಟೇ ಬಂದಿದ್ದರೆ ಹಳೆಯ ನಿಯಮದಂತೆ 57 ಒಪ್ಪಿಗೆ ಸಾಕಾಗುತ್ತಿದ್ದಿತು; ನೂರೂ ಜನ ಬಂದರೆ 75 ಬೇಕಾಗುತ್ತಿದ್ದಿತು. ಹೊಸ ನಿಯಮದಲ್ಲಿ ಯಾರು ಬಂದರೂ ಬಾರದಿದ್ದರೂ 51. ಆದುದರಿಂದ ಅಂದು ವಿರೋಧಿಗಳು ಸಭೆಗೆ ಬಂದು ಕುಳಿತರೆ ಬೇಕಾದ ಒಪ್ಪಿಗೆಯ ಸಂಖ್ಯೆಯೇ ಏರುತ್ತಿದ್ದಿತು. ಇಂದು ಆ ಬಲ ಅವರಿಗಿಲ್ಲ.

ಜೋಗೇಶ್ವರಿಯಲ್ಲಿ ಎಲ್ಲರೂ ಇಂತಹ ಸೊಸೈಟಿಗಳ ಸದಸ್ಯರಲ್ಲ. 1985ರಲ್ಲಿ ಪ್ರಧಾನಮಂತ್ರಿ ರಾಜೀವ ಗಾಂಧಿಯವರು ಮುಂಬಯಿಗೆ ಘೋಷಿಸಿದ 100 ಕೋಟಿ ರೂಪಾಯಿಗಳ ಅನುದಾನದ ಹೆಸರನ್ನೇ ಹೊತ್ತ ಪಿ.ಎಂ.ಜಿ.ಪಿ. ಕಾಲೊನಿ ಪೂರ್ವ ಜೋಗೇಶ್ವರಿಯ ಪೂನಮ್ ನಗರದಲ್ಲಿದೆ. ಅಲ್ಲಿನ 17 ಕಟ್ಟಡಗಳಲ್ಲಿ 942 ಮನೆಗಳೂ 42 ಅಂಗಡಿ ಮುಂತಾದುವೂ ಇದ್ದುವು. ಮೂರು ದಶಕಗಳಲ್ಲಿಯೇ ಅವು ಜೀರ್ಣವಾಗಿ, ಪುನರ್ನಿರ್ಮಾಣದ ಹೊಣೆಯನ್ನು ಮ್ಹಾಡ ಸಂಸ್ಥೆಯೇ ಹೊರಬೇಕಾಯಿತು. ಇನ್ನು ಗುಹಾಲಯದ ಸುತ್ತಣ ನಿವಾಸಿಗಳು ಒಮ್ಮತದಿಂದ ಕೈಯೆತ್ತಿದರೂ, ಸಂರಕ್ಷಿತ ಸ್ಮಾರಕದಿಂದ 100 ಮೀಟರುಗಳೊಳಗೆ ಹೊಸ ಕಟ್ಟಡಕ್ಕೆ ಕೇಂದ್ರದ ಕಾಯಿದೆ ಎಡೆಗೊಡದು. ಬಾಡಿಗೆಯ ಖೋಲಿಯಲ್ಲಿರುವ ಹೋಟೆಲ್ ನೌಕರನಿಗಂತೂ ಮತವೇ ಇಲ್ಲ; ಕಟ್ಟಡ ಬೀಳುವ ದಿನ ಅವನು ಬೇರೆ ಖೋಲಿ ಹುಡುಕಬೇಕು.

ಹಾಗಾದರೆ ಮತದ ಬಲವಿರುವುದೆಲ್ಲಿ? ಬ್ಯಾಂಕಿನ ಉದ್ಯೋಗದಲ್ಲಿರುವ ಈ ಲೇಖಕನಿಗೆ 2009ರ ನಿರ್ದೇಶನದಲ್ಲಿ ಮುಕ್ಕಾಲಿನ ಲೆಕ್ಕಕ್ಕಿಂತ ಮಹತ್ತ್ವದ್ದಾಗಿ ತೋರುವುದು ಬೇರೊಂದು ಅಂಶ: ಬಿಲ್ಡರನು ಯೋಜನಾವೆಚ್ಚದ ಶೇಕಡ 20ರಷ್ಟಕ್ಕೆ ಬ್ಯಾಂಕ್ ಗ್ಯಾರಂಟಿ ಒದಗಿಸಬೇಕೆಂಬುದು. ಕೈಯೆತ್ತುವ ಮುನ್ನ ಸದಸ್ಯನು ಕೇಳಬೇಕಾದುವು ಹಲವು: ನೆಲದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ? ಹೊಸ ಮನೆಯ ಕಾರ್ಪೆಟ್ ವಿಸ್ತೀರ್ಣವೆಷ್ಟು? ಕೆಲಸ ಅರ್ಧಕ್ಕೆ ನಿಂತರೆ ಹೊರಗಿನ ಬಾಡಿಗೆಯನ್ನು ಕೊಡುವವರಾರು? ಇವುಗಳಿಗೆ ಲಿಖಿತ ಉತ್ತರವಿಲ್ಲದೆ ನೂರಕ್ಕೆ ನೂರು ಒಪ್ಪಿದರೂ ಅದು ಭದ್ರತೆಯಿಲ್ಲದೆ ಕೊಟ್ಟ ಸಾಲದಂತೆಯೇ.

ಕೊನೆಯದಾಗಿ ಒಂದು ವಿನಂತಿ. ಕಟ್ಟಡ ಉರುಳುವಾಗ ಸೊಸೈಟಿಯ ಹಳೆಯ ನಡವಳಿ ಪುಸ್ತಕಗಳೂ ರದ್ದಿಯ ಪಾಲಾಗುವುದುಂಟು. ಯಾರು ಒಪ್ಪಿದರು, ಯಾರು ಯಾವ ಕಾರಣದಿಂದ ಅಸಮ್ಮತಿ ಸೂಚಿಸಿದರು ಎಂಬುದು ಇರುವುದು ಅವುಗಳಲ್ಲಿಯೇ. ನಮ್ಮ ಜನ ಈ ನಗರದಲ್ಲಿ ಬೇರೂರಿದ ಬಗೆಯನ್ನು ಮುಂದೆ ಬರೆಯುವವರಿಗೆ ಅವುಗಳಿಗಿಂತ ಉತ್ತಮವಾದ ಆಕರ ದೊರೆಯುವುದು ಕಷ್ಟ. ಮನೆ ಖಾಲಿಮಾಡುವ ವಾಚಕರು ಪಾತ್ರೆಪರಡಿಗಳೊಡನೆ ಆ ಪುಸ್ತಕಗಳ ಪ್ರತಿಯನ್ನೂ ಜೋಪಾನವಾಗಿ ಕಟ್ಟಿಟ್ಟುಕೊಳ್ಳಲಿ.