ಬೀದಿ, ನೀರು, ಬೆಳಕು: ಬೆಂಗಳೂರಿನ ನಗರಾಡಳಿತ ನಡೆದು ಬಂದ ದಾರಿ

ಇತಿಹಾಸವೆಂದೊಡನೆ ನಮಗೆ ನೆನಪಾಗುವುದು ರಾಜರು, ಯುದ್ಧಗಳು, ಕೋಟೆಗಳು. ಆದರೆ ನಾವು ನಿತ್ಯವೂ ನಡೆದಾಡುವ ಬೀದಿ ಎಷ್ಟು ಅಗಲವಿರಬೇಕು, ಅದರ ಚರಂಡಿ ಎತ್ತ ಹರಿಯಬೇಕು, ನಲ್ಲಿಯ ನೀರಿಗೆ ಎಷ್ಟು ಹಣ ತೆರಬೇಕು ಎಂಬುದನ್ನೂ ಯಾರೋ ಒಂದು ದಿನ ಕುಳಿತು ತೀರ್ಮಾನಿಸಿದ್ದಾರೆ. ಹಾಗೆ ತೀರ್ಮಾನಿಸಿದವರ ಹೆಸರು ಮರೆತುಹೋಗಿದೆ; ಬೀದಿ ಮಾತ್ರ ಉಳಿದಿದೆ. ನಗರಾಡಳಿತದ ಇತಿಹಾಸವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ತೀರ್ಮಾನ ಮಾಡಿದವರು ಯಾರು? ಹಣ ಕೊಟ್ಟವರು ಯಾರು? ತಪ್ಪಾದರೆ ಜನ ಯಾರನ್ನು ಕೇಳಬೇಕು? ಬೆಂಗಳೂರಿನ ನಿದರ್ಶನವನ್ನು ಇಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸೋಣ.

ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ, 1862ರ ಮಾರ್ಚ್ ತಿಂಗಳಲ್ಲಿ, ಹಳೆಯ ಪೇಟೆಯ ಒಂಬತ್ತು ಮಂದಿ ಗಣ್ಯರನ್ನು ಒಳಗೊಂಡ ಪುರಸಭಾ ಮಂಡಲಿ ರಚನೆಯಾಯಿತು. ಪಟ್ಟಣಗಳ ಸುಧಾರಣೆಗಾಗಿ 1850ರಲ್ಲಿ ಮಾಡಿದ್ದ ಕಾಯಿದೆಯೇ ಇದಕ್ಕೆ ಆಧಾರ. ದಂಡು ಪ್ರದೇಶಕ್ಕೂ ಇಂಥದೇ ಇನ್ನೊಂದು ಮಂಡಲಿ ಬಂದಿತು. ಹೀಗೆ ಒಂದೇ ಊರಿಗೆ ಎರಡು ಆಡಳಿತಗಳಾದವು. 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದರೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿಯಿತು. ಕಬ್ಬನ್ ಉದ್ಯಾನದ ಆಚೆ ಒಂದು ಕಾನೂನು, ಈಚೆ ಇನ್ನೊಂದು ಕಾನೂನು. 1947ರವರೆಗೂ ಇದೇ ಸ್ಥಿತಿ. 1880ರ ದಶಕದ ಆರಂಭದಲ್ಲಿ ಸದಸ್ಯರಲ್ಲಿ ಅರ್ಧದಷ್ಟು ಮಂದಿಯನ್ನು ಚುನಾವಣೆಯ ಮೂಲಕ ಆರಿಸಲು ಅವಕಾಶವಾಯಿತು; ಆಸ್ತಿಯ ಮೇಲಿನ ತೆರಿಗೆಯೂ ಆ ಕಾಲದಲ್ಲೇ ಬಂದಿತು. ಮತವೂ ಕಂದಾಯವೂ ಜೊತೆಯಾಗಿ ಹುಟ್ಟಿದ್ದನ್ನು ಓದುಗರು ಗಮನಿಸಬೇಕು. ಹಣ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕೂ ಬರುತ್ತದೆ.

ಮೊದಲು ನೀರಿನ ವಿಷಯ ನೋಡೋಣ. ಪೇಟೆಯ ಜನ ಬಹುಕಾಲ ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ ಮತ್ತು ಮನೆಯ ಬಾವಿಗಳನ್ನೇ ನಂಬಿದ್ದರು. ಮಳೆ ಕಡಿಮೆಯಾದರೆ ಕೆರೆ ಬತ್ತುತ್ತಿತ್ತು. ಮಳೆ ಬಂದರೆ ಊರಿನ ಕೊಳೆಯೆಲ್ಲ ಅದಕ್ಕೇ ಸೇರುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯದಿಂದ ನೀರು ತರುವ ಚಾಮರಾಜೇಂದ್ರ ಜಲಕಾಮಗಾರಿಯನ್ನು ಕೈಗೊಂಡು, 1896ರಲ್ಲಿ ಕೊಳವೆಯ ನೀರನ್ನು ಊರಿಗೆ ಹರಿಸಲಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಈ ತೀರ್ಮಾನಕ್ಕೆ ಯಾರೂ ಎಣಿಸದ ಇನ್ನೊಂದು ಫಲವೂ ಇತ್ತು. ನಲ್ಲಿ ಬಂದ ಮೇಲೆ ಕೆರೆಯ ಹೂಳೆತ್ತುವ, ಕಾಲುವೆ ಕಾಯುವ ಜವಾಬ್ದಾರಿ ಯಾರಿಗೂ ಬೇಡವಾಯಿತು. ಕಾಲಕ್ರಮದಲ್ಲಿ ಧರ್ಮಾಂಬುಧಿಯ ಅಂಗಳ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ಆಚರಣೆಗೆಂದು ಉಳಿಸಿಕೊಂಡ ಪುಟ್ಟ ಕೊಳವೊಂದೇ ಅಲ್ಲಿ ಆ ಕೆರೆಯ ಗುರುತು. ಇತ್ತ 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟವೇ ಬರಿದಾದಾಗ, ಇನ್ನೂ ದೂರದ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಬೇಕಾಯಿತು. 1933ರಲ್ಲಿ ಆ ಜಲಾಶಯ ಸಿದ್ಧವಾಯಿತು. 1970ರ ದಶಕದಲ್ಲಿ ಕಾವೇರಿಯ ನೀರೇ ಬಂದಿತು. ಹತ್ತಿರದ ನೀರನ್ನು ಕಾಯಲಾರದ ಊರು ದೂರದ ನೀರಿಗೆ ಹೆಚ್ಚು ಹಣ ತೆರುತ್ತಲೇ ಬಂದಿದೆ.

ಇನ್ನು ಬೀದಿಗಳ ಮಾತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ರೋಗ ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಕಿರಿದಾದ ಓಣಿ, ಗಾಳಿಬೆಳಕಿಲ್ಲದ ಒತ್ತೊತ್ತಾದ ಮನೆ, ನಿಂತ ಚರಂಡಿ, ಇವೆಲ್ಲ ಕೂಡಿದ್ದ ಪೇಟೆಯಲ್ಲಿ ಸಾವು ಮನೆಮನೆಗೂ ಹೊಕ್ಕಿತು. ಜನ ಮನೆ ಬಿಟ್ಟು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಹುಟ್ಟಿದ್ದೂ ಆ ಭೀತಿಯ ಕಾಲದಲ್ಲಿಯೇ. ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ನಿರ್ಮಿಸುವ ಆಲೋಚನೆ ಅದಕ್ಕೆ ಕೆಲವು ವರ್ಷ ಮೊದಲೇ ಮೂಡಿತ್ತು. ಪ್ಲೇಗ್ ಅದಕ್ಕೆ ಅವಸರ ತಂದಿತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಹೀಗೆ. ಅಳೆದು ಎಳೆದ ನೇರ ರಸ್ತೆಗಳು, ಎರಡೂ ಬದಿಗೆ ಸಾಲುಮರಗಳು, ಮನೆಯ ಸುತ್ತ ಬಯಲು, ನಡುವೆ ಉದ್ಯಾನ. ಇಂದಿಗೂ ಆ ಬೀದಿಗಳಲ್ಲಿ ನಡೆಯುವವನಿಗೆ ಸಿಗುವ ನೆರಳು ಅಂದಿನ ತೀರ್ಮಾನದ ಫಲ.

ಆದರೆ ಆ ನೆರಳಿಗೆ ಒಂದು ಹಿಂಬದಿಯೂ ಉಂಟು. ಬಡಾವಣೆಯ ಭಾಗಗಳನ್ನು ಜಾತಿಗಳ ಲೆಕ್ಕದಲ್ಲಿ ವಿಂಗಡಿಸಲಾಗಿತ್ತು. ಸಾಲುಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳಿದ್ದವು. ಮನೆಯವರ ಕಣ್ಣಿಗೆ ಬೀಳದಂತೆ ಬಂದು ಮಲ ಸಾಗಿಸುವ ಕೆಲಸದವರಿಗಾಗಿ ಮಾಡಿದ ದಾರಿ ಅದು. ಶುಚಿತ್ವದ ಹೆಸರಿನಲ್ಲಿ ಮಾಡಿದ ನಕ್ಷೆಯಲ್ಲಿಯೇ ಒಂದು ವರ್ಗದ ಜನರ ಅವಮಾನವೂ ಅಡಿಯಳತೆಯಲ್ಲಿ ಗುರುತಾಗಿತ್ತು. ಆ ಗಲ್ಲಿ ಎಲ್ಲಿರಬೇಕೆಂದು ಅದರಲ್ಲಿ ನಡೆಯಬೇಕಾದವರನ್ನು ಯಾರೂ ಕೇಳಿರಲಿಲ್ಲ. 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಈ ಬಗ್ಗೆ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ನಕ್ಷೆಯ ಮೇಲೆ ಒಂದು ಗೆರೆ ಎಳೆಯುವುದು ಸುಲಭ. ಅದನ್ನು ಅಳಿಸಲು ತಲೆಮಾರುಗಳೇ ಬೇಕಾಗುತ್ತವೆ.

ಬೆಳಕಿನ ವಿಷಯದಲ್ಲಿ ಬೆಂಗಳೂರು ಬಹುಬೇಗ ಮುಂದಾಯಿತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷಗಳ ಮೇಲೆ, 1905ರ ಆಗಸ್ಟ್ 5ರಂದು, ಪೇಟೆಯ ಮಾರುಕಟ್ಟೆಯ ಬಳಿ ವಿದ್ಯುತ್ ಬೀದಿದೀಪಗಳು ಬೆಳಗಿದವು. ಎಣ್ಣೆಯ ದೀಪಗಳ ಮಂದ ಬೆಳಕಿಗೆ ಒಗ್ಗಿದ್ದ ಕಣ್ಣುಗಳಿಗೆ ಅದು ಅಚ್ಚರಿಯೇ. ಆದರೆ ದೀಪ ಹಚ್ಚಿದ ದಿನದಿಂದಲೇ ಅದರ ಖರ್ಚೂ ಆರಂಭವಾಗುತ್ತದೆ. ನೀರು, ಬೆಳಕು, ರಸ್ತೆ ಇವು ಒಮ್ಮೆ ಕಟ್ಟಿ ಮುಗಿಸುವ ಕೆಲಸಗಳಲ್ಲ. ವರ್ಷವರ್ಷವೂ ದುರಸ್ತಿಗೆ ಹಣ ಬೇಡುವಂಥವು. ಉದ್ಘಾಟನೆಯ ಕಲ್ಲಿಗೆ ಹೆಸರು ಕೆತ್ತಿಸಲು ಹಲವರು ಮುಂದೆ ಬರುತ್ತಾರೆ. ದುರಸ್ತಿಯ ಬಾಬ್ತಿಗೆ ಹಣ ತೆಗೆದಿಡಲು ಮುಂದಾಗುವವರು ಕಡಿಮೆ. ಆಯವ್ಯಯ ಪಟ್ಟಿಯಲ್ಲಿ ಸಭೆಯೊಂದರ ವಿವೇಕ ಕಾಣುವುದು ಈ ದುರಸ್ತಿಯ ಸಾಲಿನಲ್ಲಿ.

ಆ ಹಣ ಬರುತ್ತಿದ್ದುದು ಎಲ್ಲಿಂದ? ಮನೆಕಂದಾಯದಿಂದ, ಮತ್ತು ಊರಿನೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಸುಂಕದಿಂದ. ಗಾಡಿಗಳನ್ನು ನಿಲ್ಲಿಸಿ ವಸೂಲು ಮಾಡುವ ಈ ಸುಂಕ ವರ್ತಕರಿಗೆ ಕಿರಿಕಿರಿಯಾಗಿತ್ತು, ನಿಜ. ಆದರೆ ಸ್ಥಳೀಯ ಸಂಸ್ಥೆಗೆ ಅದು ಸ್ವಂತ ಆದಾಯವಾಗಿತ್ತು. ಕರ್ನಾಟಕದಲ್ಲಿ 1979ರಲ್ಲಿ ಆಕ್ಟ್ರಾಯ್ ರದ್ದಾದ ಮೇಲೆ ನಗರಸಭೆಗಳು ಆ ನಷ್ಟ ತುಂಬಲು ಸರ್ಕಾರದ ಅನುದಾನದತ್ತ ಕೈಚಾಚಬೇಕಾಯಿತು. ಕೈಚಾಚುವವರ ಮಾತಿಗೆ ತೂಕ ಕಡಿಮೆ ಎಂಬುದು ಮನೆವಾರ್ತೆಗೂ ನಗರಕ್ಕೂ ಒಂದೇ.

1949ರಲ್ಲಿ ಪೇಟೆ ಮತ್ತು ದಂಡಿನ ಎರಡೂ ಪುರಸಭೆಗಳು ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಮಹಾಪೌರರ ಹುದ್ದೆ ಬಂದಿತು. ಜನರ ಸಭೆಗೆ ಬಲ ಬರಬೇಕಾಗಿದ್ದ ಕಾಲ ಅದು. ನಡೆದದ್ದು ಬೇರೆ. ಹೊಸ ಬಡಾವಣೆಗಳ ಕೆಲಸವನ್ನು ಅದಾಗಲೇ 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಗೆ ಒಪ್ಪಿಸಲಾಗಿತ್ತು. 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ನೀರು ಮತ್ತು ಒಳಚರಂಡಿ 1964ರಲ್ಲಿ ಪ್ರತ್ಯೇಕ ಮಂಡಲಿಯ ಪಾಲಾಯಿತು. ಪ್ರತಿಯೊಂದಕ್ಕೂ ಸಕಾರಣವಿತ್ತು: ತಜ್ಞರು ಬೇಕು, ದೊಡ್ಡ ಬಂಡವಾಳ ಬೇಕು, ಕೆಲಸ ಬೇಗ ಆಗಬೇಕು. ಆದರೆ ಪರಿಣಾಮವನ್ನೂ ನೋಡಬೇಕು. ಒಬ್ಬರು ರಸ್ತೆಗೆ ಡಾಂಬರು ಹಾಕಿ ಹೋದರೆ ಇನ್ನೊಬ್ಬರು ಕೊಳವೆಗಾಗಿ ಅದನ್ನು ಅಗೆಯುತ್ತಾರೆ. ದೂರು ಹೇಳಲು ಹೋದವನಿಗೆ ಪ್ರತಿಯೊಂದು ಕಛೇರಿಯೂ ಇನ್ನೊಂದರ ವಿಳಾಸ ಕೊಡುತ್ತದೆ.

ಈ ಕೊರತೆಯನ್ನು ತುಂಬಲೆಂದೇ ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದಿತು. ನಗರ ಯೋಜನೆ, ರಸ್ತೆ, ನೀರು, ನೈರ್ಮಲ್ಯ ಮೊದಲಾದ 18 ವಿಷಯಗಳ ಪಟ್ಟಿ ಹನ್ನೆರಡನೆಯ ಅನುಸೂಚಿಯಲ್ಲಿದೆ; ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಬೇಕೆಂಬ ವಿಧಿಯೂ ಇದೆ. ಆದರೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಸಕಾಲದಲ್ಲಿ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ಕೈಯಲ್ಲೇ ನಗರದ ಆಯವ್ಯಯಗಳು ಸಿದ್ಧವಾದವು. 2025ರಲ್ಲಿ ಆ ಪಾಲಿಕೆಯನ್ನು ಐದು ನಗರಪಾಲಿಕೆಗಳಾಗಿ ವಿಂಗಡಿಸಿ, ಮೇಲೊಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ರಚಿಸಿದಾಗಲೂ ಒಪ್ಪಿಗೆ ಕೊಡಲು ನಗರದ ಜನ ಆರಿಸಿದ ಸಭೆ ಇರಲಿಲ್ಲ.

ಚುನಾಯಿತ ಸಭೆಗಳು ತಪ್ಪು ಮಾಡುವುದಿಲ್ಲವೆಂದು ಯಾರೂ ಹೇಳಲಾರರು. ಗುಂಪುಗಾರಿಕೆ, ಗುತ್ತಿಗೆಯ ಲಾಭಕೋರತನ ಅಲ್ಲಿಯೂ ಇವೆ. ಆದರೆ ಸಭೆಯ ತಪ್ಪನ್ನು ಸಭೆಯಲ್ಲಿಯೇ ಎತ್ತಿ ಹೇಳಬಹುದು; ಐದು ವರ್ಷಕ್ಕೊಮ್ಮೆಯಾದರೂ ಸದಸ್ಯ ನಮ್ಮ ಬಾಗಿಲಿಗೆ ಬರಲೇಬೇಕು. ಕನ್ಸರ್ವೆನ್ಸಿ ಗಲ್ಲಿಯಲ್ಲಿ ನಡೆದವರಿಗೆ ಇಲ್ಲದೆ ಹೋದದ್ದು ಈ ಅವಕಾಶವೇ. ಮನೆಯ ಮುಂದೆ ರಸ್ತೆ ಅಗೆಯುವ ಮುನ್ನ, ಕೆರೆಯ ಅಂಗಳದಲ್ಲಿ ಕಟ್ಟಡ ಏಳುವ ಮುನ್ನ, ಆ ತೀರ್ಮಾನ ಯಾವ ಸಭೆಯಲ್ಲಿ ಆಯಿತು, ಅದರ ಬಾಬ್ತು ಯಾವ ಲೆಕ್ಕದಲ್ಲಿದೆ ಎಂದು ಕೇಳುವುದು ಕಂದಾಯ ಕಟ್ಟುವ ಪ್ರತಿಯೊಬ್ಬ ನಾಗರಿಕನ ಹಕ್ಕು. ಕೇಳುವವರಿದ್ದರೆ ಉತ್ತರ ಹೇಳುವವರೂ ಇರಬೇಕಾಗುತ್ತದೆ.